ಕಕ್ಷಿದಾರನ ಬಾಯಿಗೆ ನಿಲುಕುವ ನುಡಿ: ನ್ಯಾಯಾಲಯದ ಕನ್ನಡ ಪದಗಳ ಮೂಲ ಮತ್ತು ಅರ್ಥಪಲ್ಲಟ

ನ್ಯಾಯಾಲಯಗಳಲ್ಲಿ ಕನ್ನಡ ಎಂಬ ವಿಷಯ ಪ್ರಸ್ತಾಪವಾದಾಗಲೆಲ್ಲ ನಮ್ಮ ಚರ್ಚೆ ಎಷ್ಟು ತೀರ್ಪುಗಳು ಕನ್ನಡದಲ್ಲಿ ಬಂದವು ಎಂಬ ಲೆಕ್ಕಕ್ಕೆ ಹೋಗಿ ನಿಲ್ಲುತ್ತದೆ. 1963ರ ರಾಜ್ಯ ರಾಜಭಾಷಾ ಅಧಿನಿಯಮ, ಉಚ್ಚ ನ್ಯಾಯಾಲಯಗಳಿಗೆ ಸಂವಿಧಾನದ 348ನೆಯ ಅನುಚ್ಛೇದ ಹಾಕಿರುವ ಇಂಗ್ಲಿಷಿನ ಕಟ್ಟು, 2024ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವೊಂದು ಕನ್ನಡದಲ್ಲಿಯೂ ತೀರ್ಪು ನೀಡಿದ್ದು, ಇವೆಲ್ಲ ಮಹತ್ವದ ಸಂಗತಿಗಳೇ. ಆದರೆ ಭಾಷೆಯನ್ನೇ ಅಧ್ಯಯನದ ವಸ್ತುವಾಗಿಸಿಕೊಂಡ ನಾವು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ನ್ಯಾಯಾಲಯಕ್ಕೆ ಬರುವ ಕನ್ನಡ ಯಾವ ಕನ್ನಡ? ಅದರ ಪದಗಳು ಎಲ್ಲಿಂದ ಬಂದವು, ಯಾರ ಬಾಯಲ್ಲಿ ಪಳಗಿದವು, ಇಂದು ಯಾರ ಬಾಯಿಗೆ ನಿಲುಕದಾಗಿವೆ? ಈ ಪ್ರಶ್ನೆಗಳನ್ನು ಬೆಂಗಳೂರಿನ ಉತ್ತರ ಭಾಗದ, ಮುಖ್ಯವಾಗಿ ಯಲಹಂಕ ಸೀಮೆಯ ಭೂವ್ಯಾಜ್ಯಗಳನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ನಾಡಿಗೆ ನ್ಯಾಯವಿಚಾರಣೆಯ ಪರಿಭಾಷೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಹಿಂದೂ ದಾಯಭಾಗದ ಪ್ರಕರಣಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಪ್ರಮಾಣವಾಗಿತ್ತು. ಅದರ ವ್ಯವಹಾರಾಧ್ಯಾಯದಲ್ಲಿ ಮೊಕದ್ದಮೆಗೆ ನಾಲ್ಕು ಪಾದಗಳು: ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿ. ವಾದಿಯ ಹೇಳಿಕೆಗೆ ಅಲ್ಲಿ 'ಭಾಷಾ' ಎಂದೇ ಹೆಸರು. ನುಡಿಯುವುದೇ ದಾವೆಯ ಮೊದಲ ಹೆಜ್ಜೆ ಎಂಬ ಈ ಪರಿಭಾಷೆ ಭಾಷಾವಿಭಾಗದವರಾದ ನಮಗೆ ಸ್ವಲ್ಪ ಹೆಮ್ಮೆಯನ್ನೂ ತರಬಹುದು. ಕ್ರಿಯಾ ಎಂದರೆ ಪುರಾವೆ. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳು, ಅವಿಲ್ಲದಲ್ಲಿ ದಿವ್ಯ. ಭೂಮಿಯ ತಗಾದೆಯೊಂದನ್ನು ಕಾದ ನೇಗಿಲ ಗುಳದ ಫಾಲದಿವ್ಯಕ್ಕೆ ಒಪ್ಪಿಸಿದ ವಿವರ ಗೋವೆಯ ಕದಂಬ ಮೂರನೆಯ ಜಯಕೇಶಿಯ ಕಾಲದ ಕಿತ್ತೂರಿನ ಶಾಸನದಲ್ಲಿದೆ. ಈ ಪದಗಳಲ್ಲಿ 'ಸಾಕ್ಷಿ' ಉಳಿಯಿತು. 'ವ್ಯವಹಾರ' ವ್ಯಾಪಾರವಾಯಿತು. 'ಭುಕ್ತಿ' ಮರೆಯಾಯಿತು, ಅದರ ವಿಚಾರವನ್ನು ಮುಂದೆ ನೋಡೋಣ.

ಇಂದಿನ ಕೋರ್ಟು ಕಚೇರಿಯ ಮಾತಿನ ಬಹುಭಾಗ ಬಂದದ್ದು ಈ ಸಂಸ್ಕೃತ ಪರಂಪರೆಯಿಂದಲ್ಲ, ಪಾರಸಿ ಮತ್ತು ಪಾರಸಿಯ ಮೂಲಕ ಬಂದ ಅರಬ್ಬಿಯಿಂದ. ಇದಕ್ಕೆ ಹೈದರ್-ಟಿಪ್ಪು ಆಳ್ವಿಕೆಯನ್ನು ಮಾತ್ರ ಕಾರಣವಾಗಿ ಹೇಳುವ ರೂಢಿಯಿದೆ. ಯಲಹಂಕ ನಾಡಪ್ರಭುಗಳ ಸೀಮೆಯ ಮಟ್ಟಿಗೆ ಈ ಕಥೆ ಅದಕ್ಕಿಂತ ಹಳೆಯದು. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಕೆಂಪೇಗೌಡರ ವಂಶದಿಂದ ಕಸಿದುಕೊಂಡಿತು. ಊರು ಷಹಾಜಿಯ ಜಹಗೀರಾಯಿತು. ಪಾರಸಿ ಬೆರೆತ ಮರಾಠಿಯ ಆಡಳಿತ ಅಂದೇ ಇಲ್ಲಿ ಕಾಲಿಟ್ಟಿತು. 1687ರಲ್ಲಿ ಮೊಗಲರು ಬಂದರು, 1690ರ ಹೊತ್ತಿಗೆ ಬೆಂಗಳೂರು ಚಿಕ್ಕದೇವರಾಜ ಒಡೆಯರ ಕೈಸೇರಿತು. ಒಡೆಯರು ಬದಲಾದರು, ಕಚೇರಿಯ ಮಾತು ಬದಲಾಗಲಿಲ್ಲ. ಬ್ರಿಟಿಷ್ ಕಮಿಷನ್ ಆಡಳಿತ 1834ರಲ್ಲಿ ಮೈಸೂರು ಸಂಸ್ಥಾನಕ್ಕೆ ಸ್ಥಾಪಿಸಿದ ಅತ್ಯುಚ್ಚ ನ್ಯಾಯಾಲಯದ ಹೆಸರೇ ಹುಜೂರ್ ಅದಾಲತ್. ಇಂದಿನ ಉಚ್ಚ ನ್ಯಾಯಾಲಯ ಕುಳಿತಿರುವ, 1868ರಲ್ಲಿ ಪೂರ್ಣಗೊಂಡ ಕಟ್ಟಡ ಹದಿನೆಂಟು ಇಲಾಖೆಗಳ ಲೆಕ್ಕದಲ್ಲಿ ಅಠಾರಾ ಕಚೇರಿಯಾಯಿತು. ಇಂಗ್ಲಿಷರು ಕಟ್ಟಿಸಿದ ಕಟ್ಟಡಕ್ಕೆ ಜನ ಕೊಟ್ಟ ಹೆಸರಿನಲ್ಲಿ ಇಂಗ್ಲಿಷಿನ ಒಂದಕ್ಷರವೂ ಇಲ್ಲ.

ಬಂದ ಪದಗಳು ಬಂದಂತೆಯೇ ಉಳಿಯಲಿಲ್ಲವೆಂಬುದು ಇಲ್ಲಿ ಮುಖ್ಯ. 'ತಕರಾರು' ಅರಬ್ಬಿಯಲ್ಲಿ ಪುನರುಕ್ತಿ, ಹೇಳಿದ್ದನ್ನೇ ಮತ್ತೆ ಹೇಳುವುದು. ನಮ್ಮಲ್ಲಿ ಅದು ಆಕ್ಷೇಪಣೆ. ತಹಸೀಲ್ದಾರರ ಮುಂದೆ ಖಾತೆ ಬದಲಾವಣೆಯ ತಕರಾರು ಪ್ರಕರಣ ನಡೆಯುವುದನ್ನು ಕಂಡವರಿಗೆ ಮೂಲಾರ್ಥ ಪೂರ್ತಿ ಕಳೆದುಹೋಗಿಲ್ಲ ಎನಿಸಿದರೆ ತಪ್ಪಲ್ಲ. 'ಫಿರ್ಯಾದು' ಪಾರಸಿಯಲ್ಲಿ ಮೊರೆ, ಆರ್ತನಾದ. 'ಮೊಕದ್ದಮೆ' ಮುಂಚೆ ಬರುವುದು, ಪೀಠಿಕೆ. ಇಬ್ನ್ ಖಲ್ದೂನನು 1377ರಲ್ಲಿ ಬರೆದ ಪ್ರಸಿದ್ಧ ಇತಿಹಾಸಪೀಠಿಕೆಯ ಹೆಸರೂ ಇದೇ ಪದ. 'ಮುನ್ಸೀಫ' ಎಂದರೆ ಸಮಪಾಲು ಮಾಡುವವನು. ಅರ್ಧವೆಂಬ ಅರ್ಥದ 'ನಿಸ್ಫ್' ಅದರೊಳಗಿದೆ. 'ಸವಾಲು' ಮೂಲದಲ್ಲಿ ಬರಿಯ ಪ್ರಶ್ನೆ. ದಿನಬಳಕೆಯ ಕನ್ನಡದಲ್ಲಿ ಅದು ಪಂಥಾಹ್ವಾನವಾಯಿತು, ಹರಾಜಿನಲ್ಲಿ ಕೂಗುವ ಬೆಲೆಯಾಯಿತು. ಹಳೆಯ ಅರ್ಥ ಕೋರ್ಟಿನ 'ಪಾಟೀಸವಾಲಿ'ನಲ್ಲಿ ಮಾತ್ರ ಉಳಿದುಕೊಂಡಿದೆ. ಕಾಯಿದೆಯ 'ಕಲಮು' ಲೇಖನಿ. ಎಲ್ಲಕ್ಕಿಂತ ಕಹಿಯಾದ ಪಲ್ಲಟ 'ವಾಯಿದೆ'ಯದು. ಅರಬ್ಬಿಯ 'ವಅದಾ' ಎಂದರೆ ಕೊಟ್ಟ ಮಾತು, ವಚನ. ಕೊಟ್ಟ ಮಾತು ಗೊತ್ತುಪಡಿಸಿದ ದಿನವಾಯಿತು, ಗೊತ್ತುಪಡಿಸಿದ ದಿನ ಮುಂದೂಡಿದ ದಿನವಾಯಿತು. 'ವಾಯಿದೆ ಬಿತ್ತು' ಎಂದು ಹೇಳುತ್ತಾ ಮೆಟ್ಟಿಲಿಳಿಯುವ ಮುದುಕರಿಗೆ ಈ ವ್ಯುತ್ಪತ್ತಿಯನ್ನು ವಿವರಿಸುವ ಅಗತ್ಯವಿಲ್ಲ.

'ಜಾಮೀನು' ಪದದ ಪಯಣ ಇನ್ನೂ ಸ್ವಾರಸ್ಯಕರ. ಅರಬ್ಬಿಯ 'ಜಾಮಿನ್' ಹೊಣೆ ನಿಲ್ಲುವ ವ್ಯಕ್ತಿ. ಕನ್ನಡದಲ್ಲಿ ವ್ಯಕ್ತಿಯ ಹೆಸರು ಕ್ರಿಯೆಯ ಹೆಸರಾಯಿತು. ವ್ಯಕ್ತಿಗೆ ಬೇರೆ ಪದ ಬೇಕಾದಾಗ ಅದರ ಮೇಲೆಯೇ '-ದಾರ' ಸೇರಿಸಿ 'ಜಾಮೀನುದಾರ' ಎಂದೆವು. ಹಳಗನ್ನಡದಲ್ಲಿ ಇದೇ ಅರ್ಥಕ್ಕೆ 'ಪೊಣೆ' ಇತ್ತು. ಅದು 'ಹೊಣೆ'ಯಾಗಿ ಸಾಮಾನ್ಯ ಜವಾಬ್ದಾರಿಯ ಅರ್ಥಕ್ಕೆ ಹರಡಿಕೊಂಡು ಕಾನೂನಿನ ಬಿಗಿ ಕಳೆದುಕೊಂಡಿತು. ಆ ತೆರವಿಗೆ ಜಾಮೀನು ಬಂದು ಕುಳಿತಿತು. 'ಮುಚ್ಚಳಿಕೆ'ಯಂತೂ ತುರ್ಕಿ ಮೂಲದಿಂದ ಪಾರಸಿಗೆ, ಅಲ್ಲಿಂದ ನಮಗೆ ಬಂದ ಪದ. ಆದರೆ 'ಮುಚ್ಚಳ', '-ಇಕೆ' ಎರಡೂ ಕನ್ನಡದಲ್ಲಿರುವುದರಿಂದ ಕೇಳುವ ಕಿವಿಗೆ ಅದು ಅಚ್ಚಗನ್ನಡ. ಬಾಯಿಮುಚ್ಚಿಸಲು ಬರೆಸಿಕೊಳ್ಳುವ ಪತ್ರವೇ ಮುಚ್ಚಳಿಕೆ ಎಂಬ ಜನಪದ ನಿರುಕ್ತಿ ವ್ಯಾಕರಣಕ್ಕೆ ಸುಳ್ಳು, ಅನುಭವಕ್ಕೆ ನಿಜ. ಕಿಟೆಲ್ 1894ರ ತನ್ನ ನಿಘಂಟಿನಲ್ಲಿ ಇಂತಹ ಪದಗಳ ಮುಂದೆ ಹಿಂದುಸ್ತಾನಿಯ ಗುರುತು ಹಾಕಿದರೂ ಅವುಗಳನ್ನು ಕನ್ನಡ ನಿಘಂಟಿನ ಹೊರಗಿಡಲಿಲ್ಲ. ಈ ವಿವೇಕವನ್ನು ಮುಂದಿನ ಪರಿಭಾಷಾಕಾರರು ಎಲ್ಲ ಕಾಲಕ್ಕೂ ತೋರಲಿಲ್ಲ.

ಯಲಹಂಕ ಹೋಬಳಿಯ ಹಳೆಯ ಕ್ರಯಪತ್ರವೊಂದನ್ನು ಓದಿದರೆ ಈ ಪದರಗಳೆಲ್ಲ ಒಂದೇ ಹಾಳೆಯಲ್ಲಿ ಸಿಗುತ್ತವೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಮುಂತಾದ ಅಷ್ಟಭೋಗ ತೇಜಸ್ವಾಮ್ಯದ ಮಾತು ವಿಜಯನಗರ ಕಾಲದ ದಾನಶಾಸನಗಳಿಂದ ನೇರವಾಗಿ ನಡೆದು ಬಂದದ್ದು. ಅದರ ಕೆಳಗೇ 'ಚೆಕ್ಕುಬಂದಿ' ಎಂಬ ಪಾರಸಿ ಬೆರೆತ ಪದ. ಅದರ ಪಕ್ಕದಲ್ಲಿ 'ಸರ್ವೆ ನಂಬರು'. ಕೊನೆಗೆ 'ಬರೆಸಿಕೊಟ್ಟ ಶುದ್ಧ ಕ್ರಯಪತ್ರ'. ಈ 'ಶುದ್ಧ' ಭಾಷೆಗೆ ಸಂಬಂಧಿಸಿದ್ದಲ್ಲವೆಂಬುದು ನಮ್ಮ ಭಾಗ್ಯ.

ಏಕೀಕರಣದ ನಂತರ ಆಡಳಿತ ಕನ್ನಡವನ್ನು ರೂಪಿಸುವ ಹೊಣೆ ಸರ್ಕಾರದ ಮೇಲೆ ಬಿತ್ತು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಬೇರೆಬೇರೆ ರೂಢಿಗಳು ಒಂದೆಡೆ ಸೇರಿದ್ದರಿಂದ ಏಕರೂಪತೆ ಬೇಕಿತ್ತು, ನಿಜ. ಹಳೆಯ ಮೈಸೂರಿನವರು 'ಮಹಜರು' ಎಂದದ್ದನ್ನು ಧಾರವಾಡದವರು 'ಪಂಚನಾಮೆ' ಎನ್ನುತ್ತಿದ್ದರು. ಆದರೆ ಏಕರೂಪತೆಯ ಹೆಸರಿನಲ್ಲಿ ಪ್ರಾಂತ್ಯಗಳ ಪದಗಳನ್ನು ತೂಗಿ ನೋಡುವುದಕ್ಕಿಂತ ಸಂಸ್ಕೃತದಿಂದ ಹೊಸದನ್ನು ಟಂಕಿಸುವುದು ಸುಲಭವಾಗಿ ಕಂಡಿತು. ಡಿಕ್ರಿ 'ಆಜ್ಞಪ್ತಿ'ಯಾಯಿತು, ಕೈದು 'ಕಾರಾವಾಸ'ವಾಯಿತು. ಟಂಕಿಸಿದ್ದೆಲ್ಲ ಸೋತಿತೆಂದು ನಾನು ಹೇಳುತ್ತಿಲ್ಲ. 'ತಡೆಯಾಜ್ಞೆ', 'ಮೇಲ್ಮನವಿ' ಸೊಗಸಾಗಿ ನೆಲೆಯೂರಿವೆ. ಅವುಗಳ ತಲೆಯಲ್ಲಿರುವ 'ತಡೆ', 'ಮೇಲ್' ಎಂಬ ದೇಸಿ ಪದಗಳು ಅರ್ಥದ ಬಾಗಿಲು ತೆರೆಯುತ್ತವೆ. 'ಫಿರ್ಯಾದಿ'ಯ ಬದಲು 'ದೂರುದಾರ' ಬಂದಾಗ ಕನ್ನಡವಾಯಿತೆಂದು ಸಂತೋಷಪಟ್ಟೆವು. ದೂರು ಕನ್ನಡವೇ, ಹಳಗನ್ನಡದ 'ದೂಱು', ಅಂದರೆ ನಿಂದೆ. ಬಾಲದಲ್ಲಿರುವ '-ದಾರ' ಮಾತ್ರ ಪಾರಸಿ. 'ಕಕ್ಷಿದಾರ'ನ ಗತಿಯೂ ಇದೇ.

ಮೂಲದ ಶುದ್ಧಿಯಿಂದ ಅರ್ಥದ ಸ್ಪಷ್ಟತೆ ತಾನಾಗಿ ಬರುವುದಿಲ್ಲ ಎಂಬುದಕ್ಕೆ 'ಆರೋಪಿ' ಒಳ್ಳೆಯ ನಿದರ್ಶನ. ಸಂಸ್ಕೃತ ವ್ಯಾಕರಣದ ಪ್ರಕಾರ ಆರೋಪಕ್ಕೆ ಗುರಿಯಾದವನು 'ಆರೋಪಿತ'. 'ಆರೋಪಿ' ಎಂಬ ರೂಪಕ್ಕೆ ಆರೋಪಿಸುವವನು ಎಂಬ ಅರ್ಥವೂ ಸಲ್ಲುತ್ತದೆ. ಬಳಕೆ ನಿಯಮವನ್ನು ಗೆದ್ದಿತು; ಅದಕ್ಕೆ ನಮ್ಮ ತಕರಾರಿಲ್ಲ. ಆದರೆ 'ಆರೋಪಿ' ಮತ್ತು 'ಅಪರಾಧಿ' ಒಂದೇ ಅಚ್ಚಿನ ಪದಗಳಾಗಿ ಕಿವಿಗೆ ಬೀಳುತ್ತವೆ. ಅಪರಾಧವುಳ್ಳವನು ಅಪರಾಧಿ, ಹಾಗೆಯೇ ಆರೋಪವುಳ್ಳವನು ಆರೋಪಿ. ಆರೋಪ ಅವನ ಗುಣವೇ ಎಂಬಂತೆ ಅಂಟಿಕೊಳ್ಳುತ್ತದೆ. 'ಆರೋಪಿತ'ದಲ್ಲಿ ಅದು ಹೊರಗಿನವರು ಅವನ ಮೇಲೆ ಹೊರಿಸಿದ್ದು. ರುಜುವಾತಾಗುವವರೆಗೆ ಯಾರೂ ಅಪರಾಧಿಯಲ್ಲವೆಂಬ ತತ್ತ್ವ ಒಂದು ಪ್ರತ್ಯಯದ ಮೇಲೆ ನಿಂತಿದೆ ಎಂದರೆ ಅತಿಶಯೋಕ್ತಿಯಾದೀತು. ಆದರೂ ಆ ಪ್ರತ್ಯಯವನ್ನು ಪತ್ರಿಕೋದ್ಯಮದ ತರಗತಿಯಲ್ಲಿ ವಿವರಿಸುವ ಕೆಲಸ ಕನ್ನಡ ಅಧ್ಯಾಪಕರದೇ.

ಭೂಮಿಯ ವಿಷಯಕ್ಕೆ ಬಂದಾಗ ಪದಗೊಂದಲ ಪಾಠದ ಮಾತಾಗಿ ಉಳಿಯುವುದಿಲ್ಲ. 2003ರ ಫೆಬ್ರುವರಿಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅರ್ಕಾವತಿ ಬಡಾವಣೆಗಾಗಿ ಜಕ್ಕೂರು, ರಾಚೇನಹಳ್ಳಿ, ತಣಿಸಂದ್ರ, ಸಂಪಿಗೆಹಳ್ಳಿ ಸೇರಿದಂತೆ 16 ಗ್ರಾಮಗಳ 3,339 ಎಕರೆ 12 ಗುಂಟೆಗೆ ಪ್ರಾರಂಭಿಕ ಅಧಿಸೂಚನೆ ಹೊರಡಿಸಿತು. 2004ರ ಫೆಬ್ರುವರಿಯ ಅಂತಿಮ ಅಧಿಸೂಚನೆಯಲ್ಲಿ ಅದು 2,750 ಎಕರೆಯಾಯಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2010ರ ಮೇ ತಿಂಗಳಲ್ಲಿ ಬೋಂಡು ರಾಮಸ್ವಾಮಿ ಪ್ರಕರಣದ ತೀರ್ಪು ಬಂತು; ಬಡಾವಣೆಯ ಯೋಜನೆ ಷರತ್ತುಗಳೊಡನೆ ಉಳಿಯಿತು. ಈ ಎಲ್ಲ ಕಾಗದಗಳ ಕನ್ನಡದಲ್ಲಿ ಮತ್ತೆಮತ್ತೆ ಬರುವ ಪದ 'ಸ್ವಾಧೀನ'. ಸರ್ಕಾರ ಜಮೀನನ್ನು ಕಾನೂನಿನ ಪ್ರಕಾರ ವಶಪಡಿಸಿಕೊಳ್ಳುವ ಇಡೀ ಪ್ರಕ್ರಿಯೆಗೆ 'ಭೂಸ್ವಾಧೀನ' ಎಂದು ಹೆಸರು. ಜಮೀನು ವಾಸ್ತವವಾಗಿ ಯಾರ ಕೈಯಲ್ಲಿದೆ, ಯಾರು ಉಳುತ್ತಿದ್ದಾರೆ ಎಂಬುದಕ್ಕೂ 'ಸ್ವಾಧೀನ' ಎಂದೇ ಹೆಸರು. ಇಂಗ್ಲಿಷಿನಲ್ಲಿ 'ಅಕ್ವಿಸಿಷನ್', 'ಪೊಸೆಷನ್' ಎಂದು ಬೇರೆಬೇರೆಯಾದ ಎರಡು ಸಂಗತಿಗಳು ಕನ್ನಡದಲ್ಲಿ ಒಂದೇ ಪದದೊಳಗೆ ಸಿಕ್ಕಿಕೊಂಡಿವೆ. 1894ರ ಭೂಸ್ವಾಧೀನ ಕಾಯಿದೆಯ 16ನೆಯ ಕಲಮಿನ ಪ್ರಕಾರ ಜಮೀನು ಸರ್ಕಾರಕ್ಕೆ ಸೇರುವುದು ಅಧಿಸೂಚನೆಯ ದಿನವಲ್ಲ, ಅದನ್ನು ಕೈಗೆ ತೆಗೆದುಕೊಂಡ ದಿನ. ಎಂದರೆ ಯಾವ ವ್ಯತ್ಯಾಸದ ಮೇಲೆ ರೈತನ ಹಕ್ಕು ನಿಂತಿದೆಯೋ ಆ ವ್ಯತ್ಯಾಸವನ್ನೇ ಕನ್ನಡ ಪದ ಅಳಿಸಿಹಾಕಿದೆ.

ಯಲಹಂಕದ ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಅರ್ಜಿ ಬರೆಯುವವರ ಮೇಜುಗಳ ಬಳಿ ನಾನು ಕೇಳಿಸಿಕೊಂಡ ಮಾತಿನ ಧಾಟಿ ಹೀಗಿದೆ: "ಸ್ವಾಧೀನ ಆಗೋಗಿದೆ ಸ್ವಾಮಿ, ಆದ್ರೆ ಅನುಭವದಲ್ಲಿರೋದು ನಾವೇ." ಹೇಳುವವರ ಮನಸ್ಸಿನಲ್ಲಿ ಗೊಂದಲವಿಲ್ಲ. ಸರ್ಕಾರದ ಕಾಗದಕ್ಕೆ ಸರ್ಕಾರದ ಪದ, ತಮ್ಮ ಉಳುಮೆಗೆ ತಮ್ಮ ಪದ. ಇದೇ ವ್ಯಕ್ತಿ ಸಾಕ್ಷಿಕಟ್ಟೆಯಲ್ಲಿ ನಿಂತು "ಸ್ವಾಧೀನ ಆಗಿದೆ" ಎಂದಷ್ಟೇ ಹೇಳಿದರೆ, ಇಂಗ್ಲಿಷಿನಲ್ಲಿ ಬರೆದುಕೊಳ್ಳುವ ಸಾಕ್ಷ್ಯದ ಹಾಳೆಯಲ್ಲಿ ಅದು ಪೊಸೆಷನ್ ಬಿಟ್ಟುಕೊಟ್ಟ ಒಪ್ಪಿಗೆಯಾಗಿಬಿಡಬಹುದು. ಇಲ್ಲಿ 'ಅನುಭವ' ಎಂಬ ಪದವನ್ನು ಗಮನಿಸಬೇಕು. ವಚನಕಾರರ ಅನುಭಾವದ ಬಗೆಗೆ ನಾವು ಬರೆದಿರುವ ಪ್ರಬಂಧಗಳಿಗೆ ಲೆಕ್ಕವಿಲ್ಲ; ಪಹಣಿಯ ಮತ್ತು ಕ್ರಯಪತ್ರದ ಅನುಭವದ ಬಗೆಗೆ ಬರೆದದ್ದು ವಿರಳ. ವಿಜ್ಞಾನೇಶ್ವರನ 'ಭುಕ್ತಿ' ಹೇಳುತ್ತಿದ್ದುದು ಇದನ್ನೇ: ಉಂಡು, ಉತ್ತು, ಬಳಸಿ ಸಾಬೀತಾಗುವ ಹಕ್ಕು. ಶಾಸ್ತ್ರದ ಪದ ಹೋದರೂ ಅದರ ಅರ್ಥ ಉಳುವವರ ನಾಲಗೆಯ ಮೇಲೆ ಬೇರೊಂದು ಪದವಾಗಿ ಬಾಳಿದೆ. ಉತ್ತರ ಕರ್ನಾಟಕದಲ್ಲಿ ಇದಕ್ಕೇ 'ಕಬ್ಜಾ' ಎನ್ನುತ್ತಾರೆ. ಅದು ಅರಬ್ಬಿ, ಮುಷ್ಟಿಯಲ್ಲಿ ಹಿಡಿದದ್ದು ಎಂಬ ಮೂಲಾರ್ಥ. 'ಸ್ವಾಧೀನ'ಕ್ಕೆ ಸಂಸ್ಕೃತದಲ್ಲಿ ತನಗೆ ತಾನೇ ಅಧೀನ, ಸ್ವತಂತ್ರ ಎಂಬ ಅರ್ಥ. ಜಮೀನು ಕಳೆದುಕೊಳ್ಳುವವನ ಪಾಲಿಗೆ ಇದಕ್ಕಿಂತ ವಿಪರೀತವಾದ ಪದ ಸಿಗುವುದು ಕಷ್ಟ.

ಜಮೀನನ್ನು ಕೈಗೆ ತೆಗೆದುಕೊಂಡರೆಂಬುದಕ್ಕೆ ಆಧಾರ ಮಹಜರು. ಅರಬ್ಬಿಯಲ್ಲಿ ಈ ಪದದ ಧಾತುವಿಗೆ ಎದುರಿಗಿರುವುದು, ಸಮಕ್ಷಮ ಎಂಬ ಅರ್ಥವಿದೆ. ಹಾಜರು, ಹುಜೂರು, ಮಹಜರು ಮೂರೂ ಒಂದೇ ಬೇರಿನವು. ಸ್ಥಳದಲ್ಲಿ, ಪಂಚರ ಸಮಕ್ಷಮ ಬರೆದದ್ದೇ ಮಹಜರು. 1894ರ ಕಾಯಿದೆಯಡಿಯ ಪ್ರಕರಣಗಳಿಗೆ ಸಂಬಂಧಿಸಿದಂತೆ 2020ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ, ಇಂತಹ ಪಂಚನಾಮೆ ಅಥವಾ ಮಹಜರು ಬರೆಯುವುದೇ ಸರ್ಕಾರ ಜಮೀನನ್ನು ಕೈಗೆ ತೆಗೆದುಕೊಳ್ಳುವ ಕ್ರಮವೆಂದು ಹೇಳಿತು. ಅಂದಮೇಲೆ ಮಹಜರಿನ ದಿನ ಸ್ಥಳದಲ್ಲಿ ಯಾರಿದ್ದರು ಎಂಬ ಪ್ರಶ್ನೆಗೆ ಎಲ್ಲಿಲ್ಲದ ತೂಕ ಬರುತ್ತದೆ. ಜಮೀನಿನವರಿಗೆ ತಿಳಿಯದಂತೆ ಕಚೇರಿಯಲ್ಲೇ ಕುಳಿತು ಮಹಜರು ಬರೆದರು ಎಂಬ ಆಕ್ಷೇಪಣೆ ಭೂಸ್ವಾಧೀನದ ವ್ಯಾಜ್ಯಗಳಲ್ಲಿ ಮತ್ತೆಮತ್ತೆ ಕೇಳಿಬರುವಂಥದು. ಗೈರುಹಾಜರಿಯಲ್ಲಿ ಬರೆದ ಹಾಜರಿ ಪತ್ರ ಎಂಬ ವಿರೋಧಾಭಾಸ ಪದದ ಮೂಲವನ್ನು ಬಲ್ಲವರಿಗೆ ಮಾತ್ರ ಕಾಣುತ್ತದೆ. ವಕೀಲರ ವಾದಕ್ಕೂ ಅದು ಉಪಯೋಗಕ್ಕೆ ಬಂದೀತು.

ದಿವಾನಿ ಪ್ರಕ್ರಿಯಾ ಸಂಹಿತೆಗೆ 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಸಾಕ್ಷಿಯ ಮುಖ್ಯ ವಿಚಾರಣೆ ಬಾಯಿಮಾತಿನಲ್ಲಿ ನಡೆಯುವುದಿಲ್ಲ, ಪ್ರಮಾಣಪತ್ರದ ರೂಪದಲ್ಲಿ ಸಲ್ಲುತ್ತದೆ. ಬೆಂಗಳೂರಿನಲ್ಲಿ ಆ ಪ್ರಮಾಣಪತ್ರ ಸಾಮಾನ್ಯವಾಗಿ ಇಂಗ್ಲಿಷಿನದು. ಕಾಲ ಉಳಿಯಿತು, ಸರಿ. ಆದರೆ ಮಿತಾಕ್ಷರೆ 'ಭಾಷಾ' ಎಂದು ಕರೆದದ್ದರ ಕೊನೆಯ ತುಣುಕೂ ಕಕ್ಷಿದಾರನ ಬಾಯಿಂದ ಜಾರಿಹೋಯಿತು. ತನ್ನ ಮಾತಿನಲ್ಲಿ ಅವನು ಮಾತಾಡುವುದು ಪಾಟೀಸವಾಲಿನಲ್ಲಿ ಮಾತ್ರ, ಅದೂ ಎದುರಾಳಿಯ ವಕೀಲರು ಆರಿಸಿದ ಪದಗಳಿಗೆ ಹೌದು-ಅಲ್ಲ ಎನ್ನುತ್ತಾ.

ಆದ್ದರಿಂದ ಪದದ ಮೂಲ ಸಂಸ್ಕೃತವೋ, ಪಾರಸಿಯೋ, ದ್ರಾವಿಡವೋ ಎಂಬುದರ ಮೇಲೆ ಅದರ ಯೋಗ್ಯತೆಯನ್ನು ನಿರ್ಧರಿಸುವ ವಾದವನ್ನು ನಾನು ಒಪ್ಪಲಾರೆ. ಡಿ.ಎನ್. ಶಂಕರ ಭಟ್ಟರು ಕನ್ನಡದ್ದೇ ಬೇರುಗಳಿಂದ ಪದ ಕಟ್ಟಬಹುದೆಂದು ವಾದಿಸಿ ಸಂಸ್ಕೃತದ ಅವಲಂಬನೆಯನ್ನು ಪ್ರಶ್ನಿಸಿದ್ದು ಅಗತ್ಯವಾಗಿತ್ತು. ಆದರೆ ಜಾಮೀನನ್ನು ತೆಗೆದುಹಾಕಿ ಮತ್ತೆ ಪೊಣೆಯನ್ನು ತರಬೇಕಾಗಿಲ್ಲ. ಪರೀಕ್ಷೆ ಸರಳವಾದದ್ದು: ಆ ಪದದೊಡನೆ ಜನ ಯಾವ ಕ್ರಿಯಾಪದ ಬಳಸುತ್ತಾರೆ? ಜಾಮೀನು ನಿಲ್ಲುತ್ತಾರೆ, ಕೊಡುತ್ತಾರೆ, ಪಡೆಯುತ್ತಾರೆ. ವಾಯಿದೆ ಬೀಳುತ್ತದೆ. ರಾಜಿ ಆಗುತ್ತಾರೆ, ತಕರಾರು ತೆಗೆಯುತ್ತಾರೆ, ಮುಚ್ಚಳಿಕೆ ಬರೆದುಕೊಡುತ್ತಾರೆ, ತೀರ್ಪು ಹೇಳುತ್ತಾರೆ. ಆಜ್ಞಪ್ತಿ ಏನು ಮಾಡುತ್ತದೆ? 'ಹೊರಡಿಸಲಾಗಿದೆ' ಎಂಬ ಕರ್ಮಣಿಪ್ರಯೋಗದ ಆಚೆ ಅದಕ್ಕೆ ಬದುಕಿಲ್ಲ. ಊರಿನಲ್ಲಿ ಇಂದಿಗೂ 'ಡಿಕ್ರಿ ಆಯ್ತು' ಎನ್ನುತ್ತಾರೆ. ಕ್ರಿಯಾಪದವನ್ನು ಸಂಪಾದಿಸಿಕೊಳ್ಳಲಾರದ ನಾಮಪದ ಎಷ್ಟೇ ಶಾಸ್ತ್ರೀಯವಾಗಿದ್ದರೂ ಕಕ್ಷಿದಾರನ ಪಾಲಿಗೆ ಮುದ್ರೆಯೊತ್ತಿದ ಕಾಗದ ಮಾತ್ರ.

ಈ ಕೆಲಸಕ್ಕೆ ಈಗ ತುರ್ತು ಬಂದಿದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಹಳೆಯ ಪ್ರಕ್ರಿಯಾ ಸಂಹಿತೆ ವ್ಯಾಖ್ಯಾನಿಸದೆ ಬಿಟ್ಟಿದ್ದ ಜಾಮೀನನ್ನು ಹೊಸದು ವ್ಯಾಖ್ಯಾನಿಸಿದೆ. ಇನ್ನೊಂದೆಡೆ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಆರಂಭಿಸಿದ 'ಸುವಾಸ್' ಎಂಬ ಯಂತ್ರಾನುವಾದದ ತಂತ್ರಾಂಶ ತೀರ್ಪುಗಳನ್ನು ಕನ್ನಡಕ್ಕೂ ತರುತ್ತಿದೆ. ಯಂತ್ರಕ್ಕೆ ಯಾವ ಪದಪಟ್ಟಿಯನ್ನು ಉಣಿಸುತ್ತೇವೆಯೋ ಅದೇ ಸಾವಿರಾರು ಪುಟಗಳಲ್ಲಿ ಮರುಕಳಿಸಿ ಪ್ರಮಾಣವಾಗುತ್ತದೆ. 'ಸ್ವಾಧೀನ'ದ ಗೊಂದಲವನ್ನು ಅದು ಬಗೆಹರಿಸುವುದಿಲ್ಲ, ಹೆಚ್ಚಿಸುತ್ತದೆ.

ಪದಪಟ್ಟಿಗಳನ್ನು ಕಾನೂನು ಇಲಾಖೆಗೆ ಬಿಟ್ಟು ನಾವು ಸುಮ್ಮನಿರುವುದು ಸರಿಯಲ್ಲ. ಜಿ. ವೆಂಕಟಸುಬ್ಬಯ್ಯನವರ ಎರವಲು ಪದಕೋಶ, ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಪದಗಳ ಮೂಲ ಹೇಳುತ್ತವೆ. ಕೋರ್ಟಿನ ಅಂಗಳದಲ್ಲಿ ಅವು ಇಂದು ಏನು ಮಾಡುತ್ತಿವೆ ಎಂಬುದನ್ನು ಹೇಳುವುದು ಕ್ಷೇತ್ರಕಾರ್ಯ. ಅರ್ಜಿ ಬರೆಯುವವರು, ಪತ್ರಬರಹಗಾರರು, ಸಮನ್ಸು ಜಾರಿ ಮಾಡುವ ಅಮೀನರು, ಬೆರಳಚ್ಚುಗಾರರು ಇವರೆಲ್ಲರ ಬಳಿ ಪದಗಳಿವೆ, ಪದಗಳ ಕ್ರಿಯಾಪದಗಳಿವೆ. ನೋಂದಣಿ ಗಣಕೀಕರಣವಾದಂತೆ ಪತ್ರಬರಹಗಾರರ ಮೇಜುಗಳು ಕಡಿಮೆಯಾಗುತ್ತಿವೆ. ಎಲ್ಲವನ್ನೂ ಒಮ್ಮೆಗೇ ಹಿಡಿಯಬೇಕಾಗಿಲ್ಲ. ಸ್ವಾಧೀನ, ಅನುಭವ, ಕಬ್ಜಾ ಈ ಮೂರೇ ಪದಗಳನ್ನು ತೆಗೆದುಕೊಂಡು ಯಲಹಂಕ, ಧಾರವಾಡ, ಕಲಬುರಗಿ, ಮಂಗಳೂರು, ಮಡಿಕೇರಿಗಳ ತಾಲ್ಲೂಕು ಕಚೇರಿಗಳ ಮುಂದೆ ಎಂ.ಎ. ವಿದ್ಯಾರ್ಥಿಗಳು ಪ್ರಯೋಗಗಳನ್ನು ಬರೆದುಕೊಂಡು ಬರುವುದು ಒಂದು ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಸಾಕಾಗುವಷ್ಟು ಕೆಲಸ. ಆ ಟಿಪ್ಪಣಿಗಳು ಕೈಗೆ ಬಂದ ಮೇಲೆ, ಅಕ್ವಿಸಿಷನ್ನಿಗೆ 'ಭೂಸ್ವಾಧೀನ'ವನ್ನೂ ಪೊಸೆಷನ್ನಿಗೆ 'ಅನುಭವ'ವನ್ನೂ ಬೇರೆಬೇರೆಯಾಗಿ ನಿಗದಿಪಡಿಸುವಂತೆ ಭಾಷಾಂತರ ನಿರ್ದೇಶನಾಲಯಕ್ಕೆ ವಿಭಾಗಗಳ ವತಿಯಿಂದಲೇ ಒಂದು ಅರ್ಜಿ ಹಾಕಬಹುದು.